ಹಬ್ಬದ ಪುಟದ ಹತ್ತು ಪಾಕಗಳು, ಮನೆಯ ಒಂದೇ ಓವನ್

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರವಾಗುತ್ತಿದ್ದಂತೆ ಪತ್ರಿಕೆಗಳ ಪುರವಣಿಯಲ್ಲಿ ಮನೆಯಲ್ಲೇ ಮಾಡಬಹುದಾದ ಮೇಲೋಗರಗಳು, ಬ್ರೆಡ್, ಕೇಕ್, ಬಿಸ್ಕತ್ತುಗಳ ಪಾಕವಿಧಾನಗಳು ಬಣ್ಣದ ಚಿತ್ರಗಳೊಂದಿಗೆ ಅಚ್ಚಾಗುತ್ತವೆ. ಅವುಗಳನ್ನು ಓದಿ ಪಕ್ಕಕ್ಕಿಡದೆ ಮಾಡಿಯೂ ನೋಡುವ ಓದುಗರಲ್ಲಿ ನಾನೂ ಸೇರಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಆ ತಿನಿಸುಗಳ ರುಚಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ತಕರಾರಿರುವುದು ಬರವಣಿಗೆಯ ಕ್ರಮದ ಬಗ್ಗೆ. ಪ್ರತಿಯೊಂದು ಪಾಕವಿಧಾನವನ್ನೂ ಆ ದಿನ ಆ ಅಡುಗೆಮನೆಯಲ್ಲಿ ಅದೊಂದೇ ತಯಾರಾಗುತ್ತಿದೆ ಎಂಬಂತೆ ಬರೆಯಲಾಗಿರುತ್ತದೆ. ಒಂದೇ ಪುಟದಲ್ಲಿ ಕೇಕಿಗೆ 180 ಡಿಗ್ರಿ ಸೆಲ್ಸಿಯಸ್, ತರಕಾರಿಗೆ 220, ಬ್ರೆಡ್ಡಿಗೆ 230 ಎಂದಿರುತ್ತದೆ. ಹೆಚ್ಚಿನವುಗಳ ಕೊನೆಯ ಸಾಲು ‘ಬಿಸಿಯಾಗಿರುವಾಗಲೇ ಬಡಿಸಿ’ ಎಂಬುದೇ ಆಗಿರುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಓವನ್, ಅದರೊಳಗೆ ಒಂದು ಹೊತ್ತಿಗೆ ಇರಬಲ್ಲದ್ದು ಒಂದೇ ಶಾಖ. ಇವೆಲ್ಲವೂ ಒಂದೇ ಹೊತ್ತಿಗೆ, ಒಂದೇ ಮೇಜಿನ ಮೇಲೆ, ಇಡೀ ಕುಟುಂಬದ ಮುಂದೆ ಬರಬೇಕಲ್ಲವೇ ಎಂಬ ಪ್ರಶ್ನೆಯನ್ನು ಪುಟವು ಕೇಳಿಕೊಳ್ಳುವುದೇ ಇಲ್ಲ. ಅದನ್ನು ಬಿಡಿಸುವ ಹೊಣೆ ಪೂರ್ತಿಯಾಗಿ ಅಡುಗೆ ಮಾಡುವವರ ತಲೆಯ ಮೇಲೆ ಬೀಳುತ್ತದೆ.

ನನ್ನ ಕೋರಿಕೆ ಇಷ್ಟೇ. ಪ್ರತಿ ಪಾಕದ ಕೊನೆಗೆ, ಅದು ಕೆಡದೆ ಎಷ್ಟು ಹೊತ್ತು ಕಾಯಬಲ್ಲದು, ಯಾವ ಹಂತದಲ್ಲಿ ನಿಲ್ಲಿಸಿ ಇಡಬಹುದು, ಓವನ್ನನ್ನು ಯಾವ ಶಾಖದಲ್ಲಿ ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಹಬ್ಬದೂಟಕ್ಕೆ ಈ ಎರಡು ಸಾಲು ಚಿತ್ರಕ್ಕಿಂತ ಹೆಚ್ಚು ಉಪಯುಕ್ತ. ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂಬುದು ಬರೀ ಅನುಭವದ ಮಾತಲ್ಲ. ಅದರ ಹಿಂದೆ ಗೊತ್ತಿರುವ ಕಾರಣಗಳಿವೆ, ಮತ್ತು ಕಾರಣ ಗೊತ್ತಿದ್ದವರು ಪಾಕವನ್ನು ತಮ್ಮ ಮನೆಯ ಹೊತ್ತಿಗೆ ಹೊಂದಿಸಿಕೊಳ್ಳಬಲ್ಲರು.

ಬ್ರೆಡ್ಡನ್ನೇ ತೆಗೆದುಕೊಳ್ಳಿ. ‘ಬೆಚ್ಚಗಿನ ಜಾಗದಲ್ಲಿ ಹಿಟ್ಟು ಎರಡರಷ್ಟಾಗುವವರೆಗೆ ಇಡಿ’ ಎಂದು ಎಲ್ಲ ಕಡೆಯೂ ಬರೆಯುತ್ತಾರೆ. ಹಬ್ಬದ ಬೆಳಿಗ್ಗೆ ಆ ಮಾತನ್ನು ಪಾಲಿಸಲು ಹೊರಟರೆ ಇಡೀ ದಿನದ ಲೆಕ್ಕ ಹಿಟ್ಟಿನ ಕೈಗೆ ಹೋಗುತ್ತದೆ, ಏಕೆಂದರೆ ಅಡುಗೆಮನೆಯ ಬಿಸಿಗೆ ತಕ್ಕಂತೆ ಅದು ಒಂದು ಗಂಟೆಯಲ್ಲೂ ಉಬ್ಬಬಹುದು, ಎರಡು ಗಂಟೆಗೂ ಉಬ್ಬದಿರಬಹುದು. ಯೀಸ್ಟ್ ಎಂಬುದು ಜೀವಂತ ಸೂಕ್ಷ್ಮಾಣು. 55ರಿಂದ 60 ಡಿಗ್ರಿ ಶಾಖಕ್ಕೆ ಅದು ಸಾಯುತ್ತದೆ, ಆದರೆ ಫ್ರಿಜ್ಜಿನ 4 ಡಿಗ್ರಿ ತಂಪಿಗೆ ಸಾಯುವುದಿಲ್ಲ, ಕೆಲಸವನ್ನು ನಿಧಾನ ಮಾಡುತ್ತದೆ ಅಷ್ಟೆ. ಹಿಂದಿನ ಸಂಜೆ ಹಿಟ್ಟು ನಾದಿ, ಆಕಾರ ಕೊಟ್ಟು, ಟಿನ್ನಿನಲ್ಲಿ ಮುಚ್ಚಿ ಫ್ರಿಜ್ಜಿಗೆ ಸೇರಿಸಿದರೆ ಬೆಳಗಾಗುವಷ್ಟರಲ್ಲಿ ಅದು ತಾನಾಗಿ ಉಬ್ಬಿರುತ್ತದೆ, ಮತ್ತು ಆ ದೀರ್ಘ ಹುದುಗುವಿಕೆಯಲ್ಲಿ ಹುಟ್ಟುವ ಆಮ್ಲಗಳಿಂದ ರುಚಿಯೂ ಹೆಚ್ಚಾಗಿರುತ್ತದೆ. ಇದಕ್ಕೆ ಯೀಸ್ಟಿನ ಪ್ರಮಾಣ ಸ್ವಲ್ಪ ಕಡಿಮೆ ಸಾಕು. ಪತ್ರಿಕೆಯ ಪಾಕದಲ್ಲಿ ‘ಇಲ್ಲಿಗೆ ನಿಲ್ಲಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬಹುದು’ ಎಂಬ ಒಂದು ವಾಕ್ಯ ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಹಬ್ಬದ ದಿನ ನಸುಕಿಗೇ ಏಳುವುದು ತಪ್ಪುತ್ತಿತ್ತು.

ಬೆಂದ ಬ್ರೆಡ್ಡಿನ ವಿಷಯ ಮಾತ್ರ ಇದಕ್ಕೆ ತದ್ವಿರುದ್ಧ. ಹಸಿ ಹಿಟ್ಟಿಗೆ ಒಳ್ಳೆಯದಾದ ಫ್ರಿಜ್ಜು ಬೆಂದ ಬ್ರೆಡ್ಡಿಗೆ ಕೆಟ್ಟದ್ದು. ಬ್ರೆಡ್ ಹಳಸಲಾಗುವುದು ನೀರು ಒಣಗುವುದರಿಂದ ಎಂದು ನಾವೆಲ್ಲ ಭಾವಿಸುತ್ತೇವೆ. ಆದರೆ ನೀರು ಹೊರಹೋಗದಂತೆ ಮುಚ್ಚಿಟ್ಟರೂ ಬ್ರೆಡ್ ಗಟ್ಟಿಯಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮೆತ್ತಗಾಗುತ್ತದೆ ಎಂಬುದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬೂಸೆಂಗೋ 1852ರಷ್ಟು ಹಿಂದೆಯೇ ತೋರಿಸಿದ್ದರು. ಬೇಯುವಾಗ ಸಡಿಲಗೊಂಡ ಪಿಷ್ಟದ ಅಣುಗಳು ತಣ್ಣಗಾದ ಮೇಲೆ ಮತ್ತೆ ಒತ್ತೊತ್ತಾಗಿ ಜೋಡಣೆಯಾಗುವುದೇ ಇದಕ್ಕೆ ಕಾರಣ, ಮತ್ತು ಈ ಜೋಡಣೆ ಅತ್ಯಂತ ವೇಗವಾಗಿ ನಡೆಯುವುದು ಫ್ರಿಜ್ಜಿನ ತಂಪಿನಲ್ಲಿಯೇ. ಆದ್ದರಿಂದ ಮುಂಚಿತವಾಗಿ ಸುಟ್ಟ ಬ್ರೆಡ್ಡನ್ನು ಒಂದೋ ಹೊರಗೇ ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲವೇ ಗಾಳಿಯಾಡದಂತೆ ಕಟ್ಟಿ ಫ್ರೀಜರಿನಲ್ಲಿಡಬೇಕು. ಬಡಿಸುವ ಮುನ್ನ ಹದವಾಗಿ ಬಿಸಿ ಮಾಡಿದರೆ ಮೆದುತನದ ಬಹುಭಾಗ ಮರಳುತ್ತದೆ. ಹೊಸದಾಗಿ ಸುಟ್ಟ ಬ್ರೆಡ್ಡನ್ನು ಒಂದು ಗಂಟೆಯಾದರೂ ಜಾಲರಿಯ ಮೇಲೆ ಆರಲು ಬಿಡದೆ ಕೊಯ್ದರೆ ಒಳಗೆ ಅಂಟಂಟಾಗಿರುತ್ತದೆ. ಅಂದರೆ ‘ಬಿಸಿಯಾಗಿರುವಾಗಲೇ ಬಡಿಸಿ’ ಎಂಬ ಮಾತು ಬ್ರೆಡ್ಡಿನ ಮಟ್ಟಿಗೆ ತಪ್ಪೇ, ಮತ್ತು ಆ ಒಂದು ಗಂಟೆ ಓವನ್ ಬೇರೆ ಕೆಲಸಕ್ಕೆ ಸಿಗುತ್ತದೆ ಎಂಬುದು ಅಡುಗೆ ಮಾಡುವವರ ಭಾಗ್ಯ.

ಕೇಕಿನಲ್ಲಿ ಕಾಯುವ ಹಂತ ಬೇರೆ. ಇಲ್ಲಿ ಹಸಿ ಹಿಟ್ಟು ಕಾಯುವುದಿಲ್ಲ, ಬೆಂದದ್ದು ಕಾಯುತ್ತದೆ. ಅಡುಗೆ ಸೋಡಾ ಮೊಸರಿನಂಥ ಹುಳಿಯ ಜೊತೆ ಸೇರಿದೊಡನೆ ಅನಿಲ ಬಿಡತೊಡಗುತ್ತದೆ. ಓವನ್ನಿನಲ್ಲಿ ಬ್ರೆಡ್ ಇದೆಯೆಂದು ಕೇಕಿನ ಹಿಟ್ಟನ್ನು ಕಲಸಿ ಹಾಗೆಯೇ ಇಟ್ಟರೆ ಉಬ್ಬಬೇಕಾದ ಗಾಳಿ ಬಟ್ಟಲಿನಲ್ಲೇ ಮುಗಿದುಹೋಗಿರುತ್ತದೆ. ಈಗ ಸಿಗುವ ಬೇಕಿಂಗ್ ಪೌಡರಿನ ಹೆಚ್ಚಿನ ಬಗೆಗಳು ಒದ್ದೆಯಾದಾಗ ಒಂದಿಷ್ಟು, ಶಾಖ ತಗಲಿದಾಗ ಉಳಿದಷ್ಟು ಅನಿಲ ಬಿಡುವುದರಿಂದ ಸ್ವಲ್ಪ ತಡವನ್ನು ಸಹಿಸುತ್ತವೆ, ಬಹಳ ಹೊತ್ತನ್ನಲ್ಲ. ಬೆಣ್ಣೆಯ ಕೇಕು, ಒಳಗೆ ಕ್ರೀಮ್ ಅಥವಾ ಕಸ್ಟರ್ಡ್ ಇಲ್ಲದಿದ್ದರೆ, ಚೆನ್ನಾಗಿ ಮುಚ್ಚಿಟ್ಟಾಗ ಎರಡು ದಿನ ಹೊರಗೇ ಸುಖವಾಗಿ ಇರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಗಟ್ಟಿಯಾಗಿ ಕೇಕೂ ಗಟ್ಟಿಯಾದಂತೆ ತೋರುತ್ತದೆ. ಎಣ್ಣೆಯ ಕೇಕು ಆ ತಂಪಿನಲ್ಲೂ ಮೆತ್ತಗಿರುತ್ತದೆ, ಏಕೆಂದರೆ ಎಣ್ಣೆ ಅಲ್ಲಿ ಹೆಪ್ಪುಗಟ್ಟುವುದಿಲ್ಲ. ಬಿಸ್ಕತ್ತಿನ ಹಿಟ್ಟಂತೂ ತಂಪಿನಲ್ಲಿ ಕಾದಷ್ಟೂ ಒಳ್ಳೆಯದೇ. ಉರುಳೆ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಹಿಟ್ಟು ನೀರನ್ನು ಹೀರಿಕೊಂಡು, ಬೇಯುವಾಗ ಕಡಿಮೆ ಹರಡುತ್ತದೆ. ಇವೆರಡನ್ನೂ ಹಬ್ಬದ ಹಿಂದಿನ ದಿನಕ್ಕೆ ದೂಡಬಹುದು ಎಂದು ಸ್ಪಷ್ಟವಾಗಿ ಬರೆದರೆ ಹಬ್ಬದ ದಿನದ ಓವನ್ ಮೇಲೋಗರಗಳಿಗೆ ಉಳಿಯುತ್ತದೆ.

ಮೇಲೋಗರಗಳ ಮಾತಿಗೆ ಬರುತ್ತೇನೆ, ಏಕೆಂದರೆ ಪುರವಣಿಗಳು ಹೆಚ್ಚು ಅನ್ಯಾಯ ಮಾಡುವುದು ಇವುಗಳಿಗೇ. ಕೇಕಿಗೆ ಅರ್ಧ ಪುಟ ಸಿಕ್ಕರೆ ಇವಕ್ಕೆ ಸಿಗುವುದು ಮೂಲೆಯಲ್ಲೊಂದು ಚೌಕ. ಊಟ ಸಪ್ಪೆಯಾಗುವುದು, ಅಡುಗೆಯವರು ಬೆವರುವುದು ಮಾತ್ರ ಈ ಮೂಲೆಯ ಚೌಕದಿಂದಲೇ. ಓವನ್ನಿನಲ್ಲಿ ಹುರಿದ ತರಕಾರಿ ಕಾಯುವುದಿಲ್ಲ. ಹೊರಬಂದು ಕಾಲು ಗಂಟೆಯಲ್ಲಿ ಅದರ ಗರಿ ಹೋಗಿ ಮೆತ್ತಗಾಗುತ್ತದೆ. ಆ ಕಂದು ಬಣ್ಣ, ಆ ಪರಿಮಳ ಹುಟ್ಟುವುದು ಸಕ್ಕರೆ ಮತ್ತು ಅಮೈನೊ ಆಮ್ಲಗಳ ನಡುವಿನ ಕ್ರಿಯೆಯಿಂದ. 1912ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್ ಅವರ ಹೆಸರೇ ಅದಕ್ಕಿದೆ. ತರಕಾರಿಯ ಮೇಲ್ಮೈಯಲ್ಲಿ ನೀರಿರುವವರೆಗೆ ಶಾಖ 100 ಡಿಗ್ರಿ ದಾಟುವುದಿಲ್ಲ, ದಾಟದೆ ಕಂದು ಬಣ್ಣ ಸರಿಯಾಗಿ ಬರುವುದಿಲ್ಲ. ಹತ್ತು ಜನರಿಗೆಂದು ಟ್ರೇಯ ತುಂಬ ಒತ್ತೊತ್ತಾಗಿ ತುಂಬಿದರೆ ತುಂಡುಗಳು ತಮ್ಮದೇ ಹಬೆಯಲ್ಲಿ ಬೇಯುತ್ತವೆಯೇ ಹೊರತು ಹುರಿಯುವುದಿಲ್ಲ. ‘ನಾಲ್ಕು ಜನರಿಗೆ’ ಎಂಬ ಪಾಕವನ್ನು ‘ಹನ್ನೆರಡು ಜನರಿಗೆ ಮೂರು ಪಟ್ಟು ಮಾಡಿಕೊಳ್ಳಿ’ ಎಂದು ಬರೆಯುವವರು ಮೂರು ಟ್ರೇಗಳು ಎಲ್ಲಿ ಹಿಡಿಯುತ್ತವೆ ಎಂಬುದನ್ನೂ ಹೇಳಬೇಕು. ಎರಡು ಟ್ರೇ ಒಟ್ಟಿಗೆ ಇಟ್ಟರೆ ನಡುವೆ ಒಮ್ಮೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಬೇಕಾಗುತ್ತದೆ, ಹೊತ್ತೂ ಹೆಚ್ಚು ಹಿಡಿಯುತ್ತದೆ. ಊಟಕ್ಕೆ ಮುಂಚಿನ ಕೊನೆಯ ಮುಕ್ಕಾಲು ಗಂಟೆ ಓವನ್ ಈ ತರಕಾರಿಗೇ ಮೀಸಲು ಎಂದು ಮೊದಲೇ ತೀರ್ಮಾನಿಸಿಕೊಂಡು, ಉಳಿದದ್ದನ್ನು ಅದರ ಹಿಂದಕ್ಕೆ ಜೋಡಿಸುವುದೇ ಸರಿಯಾದ ಕ್ರಮ.

ಆಲೂಗಡ್ಡೆ ಹಾಗಲ್ಲ, ಅದು ತಾಳ್ಮೆಯುಳ್ಳದ್ದು. ಸಿಪ್ಪೆ ತೆಗೆದು ಹೆಚ್ಚಿದ ತುಂಡುಗಳನ್ನು ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟರೆ ಗಾಳಿ ತಗಲದ ಕಾರಣ ರಾತ್ರಿಯಿಡೀ ಕಪ್ಪಾಗುವುದಿಲ್ಲ. ಬೇಯಿಸಿ ನುಣ್ಣಗೆ ಹಿಸುಕಿ ಹಾಲು ಬೆಣ್ಣೆ ಸೇರಿಸಿದ್ದನ್ನು ಬಿಸಿನೀರಿನ ಪಾತ್ರೆಯ ಮೇಲೆ ಮುಚ್ಚಿ ಬಿಸಿಯಾಗಿಯೇ ಇಟ್ಟುಕೊಳ್ಳಬಹುದು. ಅದನ್ನು ಮಿಕ್ಸಿಗೆ ಹಾಕಿ ಎಂದು ಬರೆಯುವವರನ್ನು ಮಾತ್ರ ದಯವಿಟ್ಟು ತಡೆಯಿರಿ. ಮಿಕ್ಸಿಯ ಅಲಗು ಕೋಶಗಳನ್ನೊಡೆದು ಪಿಷ್ಟವನ್ನೆಲ್ಲ ಹೊರಗೆಳೆಯುವುದರಿಂದ ಸಿಗುವುದು ಗೋಡೆಗೆ ಕಾಗದ ಅಂಟಿಸುವ ಅಂಟು. ಹಸಿರು ಬೀನ್ಸನ್ನು ಹಿಂದಿನ ದಿನವೇ ಕುದಿನೀರಿನಲ್ಲಿ ಅರೆಬೇಯಿಸಿ ತಣ್ಣೀರಿಗೆ ಹಾಕಿ ಬಸಿದಿಡಬಹುದು, ಆದರೆ ನಿಂಬೆರಸವನ್ನು ಬಡಿಸುವ ಹೊತ್ತಿಗೇ ಹಿಂಡಬೇಕು: ಹುಳಿ ತಗಲಿದರೆ ಪತ್ರಹರಿತ್ತಿನಲ್ಲಿರುವ ಮೆಗ್ನೀಸಿಯಂ ಕಳಚಿಕೊಂಡು ಹಸಿರು ಮಾಸಲಾಗುತ್ತದೆ. ಸೊಪ್ಪಿನ ಸಲಾಡಿಗೂ ಉಪ್ಪು ಹುಳಿ ಕೊನೆಗೇ ಬೀಳಬೇಕು, ಇಲ್ಲದಿದ್ದರೆ ಉಪ್ಪು ನೀರನ್ನು ಹೊರಗೆಳೆದು ಎಲೆ ಬಾಡುತ್ತದೆ. ಸಣ್ಣಗೆ ಹೆಚ್ಚಿದ ಕೋಸಿನ ಸಲಾಡ್ ಮಾತ್ರ ಹೀಗೆ ಕಾದು ಹದವಾಗುವುದನ್ನೇ ಬಯಸುತ್ತದೆ.

ಹೀಗೆ ಮಾಡಿಟ್ಟುಕೊಂಡು ಕಾಯುವುದಕ್ಕೊಂದು ಮಿತಿಯೂ ಇದೆ ಎಂಬುದನ್ನು ನಿಮ್ಮ ಅಂಕಣಕಾರರು ಬರೆಯಲೇಬೇಕು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಸುರಕ್ಷಿತ ಆಹಾರಕ್ಕಾಗಿ ಐದು ಸೂತ್ರಗಳನ್ನು ಪ್ರಕಟಿಸಿತು. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ, ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲೆ ಇಡಬೇಕು ಎಂಬುದು ಅವುಗಳಲ್ಲಿ ಸೇರಿದೆ. ಕುಟುಂಬದ ಊಟದಲ್ಲಿ ಮಾತು ಬೆಳೆದು, ಎರಡನೆಯ ಸುತ್ತಿಗೆಂದು ಪಾತ್ರೆಗಳು ಸಂಜೆಯವರೆಗೆ ಮೇಜಿನ ಮೇಲೆಯೇ ಉಳಿಯುವುದು ಸಾಮಾನ್ಯ. ಅಲ್ಲಿಗೆ ಈ ಎರಡು ಗಂಟೆ ದಾಟಿಹೋಗಿರುತ್ತದೆ. ಬೇಯಿಸಿದ ಆಹಾರ ತಣ್ಣಗಾಗಲಿ ಎಂದು ದೊಡ್ಡ ಪಾತ್ರೆಯಲ್ಲಿ ಬಿಡುವ ಬದಲು ಅಗಲವಾದ ತಟ್ಟೆಗಳಿಗೆ ಹಂಚಿದರೆ ಬೇಗ ಆರುತ್ತದೆ. ಓವನ್ನಿನಲ್ಲಿ ಅಲ್ಯೂಮಿನಿಯಂ ಹಾಳೆ ಸುತ್ತಿ ಸುಟ್ಟ ಆಲೂಗಡ್ಡೆಯನ್ನು ಹಾಳೆಯೊಂದಿಗೇ ಹೊರಗೆ ಬಿಡುವುದಂತೂ ಅಪಾಯಕಾರಿ: ಸುಡುವ ಶಾಖಕ್ಕೂ ಜಗ್ಗದೆ ಉಳಿಯುವ ಬೊಟುಲಿನಂ ಬ್ಯಾಕ್ಟೀರಿಯಾದ ಬೀಜಾಣುಗಳು ಗಾಳಿಯಿಲ್ಲದ ಆ ಸುತ್ತಿನೊಳಗೆ ಚಿಗುರಿ ವಿಷ ಉಂಟುಮಾಡುತ್ತವೆ. 1994ರಲ್ಲಿ ಅಮೆರಿಕದ ಎಲ್ ಪಾಸೊ ನಗರದಲ್ಲಿ 30 ಜನ ಕಾಯಿಲೆ ಬಿದ್ದದ್ದು ಹೀಗೆ ಹೊರಗಿಟ್ಟ ಆಲೂಗಡ್ಡೆಯಿಂದ ಮಾಡಿದ ಪದಾರ್ಥವನ್ನು ತಿಂದೇ.

ಕೆಂಪು ರಾಜ್ಮಾದ ಬಗ್ಗೆಯೂ ಒಂದು ಮಾತು ಹೇಳದಿರಲಾರೆ, ಏಕೆಂದರೆ ‘ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಲು ಬಿಟ್ಟು ನಿಮ್ಮ ಇತರ ಕೆಲಸ ನೋಡಿಕೊಳ್ಳಿ’ ಎಂಬ ಸಲಹೆ ಹಬ್ಬದ ಪುಟಗಳಿಗೆ ಬಹಳ ಪ್ರಿಯವಾದದ್ದು. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿ, ಭೇದಿ ಉಂಟುಮಾಡುತ್ತದೆ, ಮತ್ತು ಕುದಿಯದ ಅರೆಶಾಖದಲ್ಲಿ ಅದು ನಾಶವಾಗುವುದಿಲ್ಲ. ಕಾಳನ್ನು ಐದು ಗಂಟೆಯಾದರೂ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಭರದಿಂದ ಕುದಿಸಿದ ಮೇಲೆಯೇ ಉರಿ ಇಳಿಸಿ ಮೆತ್ತಗಾಗುವವರೆಗೆ ಬೇಯಿಸಬೇಕು.

ಅಳತೆಗಳ ವಿಷಯ ಬೇರೆಯದೇ ಒಂದು ಪತ್ರಕ್ಕೆ ಸಾಕಾಗುವಷ್ಟಿದ್ದರೂ, ಜನ ಹೆಚ್ಚಾದಾಗ ಅದರ ತೊಡಕು ಹೆಚ್ಚಾಗುವುದರಿಂದ ಇಲ್ಲಿಯೇ ಸೇರಿಸುತ್ತೇನೆ. ‘ಒಂದು ಕಪ್ ಮೈದಾ’ ಎಂದರೆ ಜರಡಿ ಹಿಡಿದು ಚಮಚದಿಂದ ತುಂಬಿದವರಿಗೆ 120 ಗ್ರಾಂ, ಡಬ್ಬಿಯೊಳಗೆ ಕಪ್ ಅದ್ದಿ ಒತ್ತಿ ತೆಗೆದವರಿಗೆ 150 ಗ್ರಾಂ ಅಥವಾ ಅದಕ್ಕೂ ಹೆಚ್ಚು. ಒಂದು ಕಪ್ಪಿಗೆ 30 ಗ್ರಾಂ ವ್ಯತ್ಯಾಸ ಹೇಗೋ ನಡೆದೀತು, ಆರು ಕಪ್ಪಿನ ಹೊತ್ತಿಗೆ ಅದು 180 ಗ್ರಾಂ ಆಗಿರುತ್ತದೆ, ಕೇಕ್ ಇಟ್ಟಿಗೆಯಾಗಲು ಅಷ್ಟು ಸಾಕು. ಕಪ್ಪೂ ಎಲ್ಲೆಡೆ ಒಂದೇ ಅಲ್ಲ: ಅಮೆರಿಕದ್ದು ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿಲೀಟರಾದರೆ ಬೇರೆಡೆ ಅದು 15. ಪಾಕವನ್ನು ಎಲ್ಲಿಂದ ತಂದಿರಿ ಎಂಬುದು ಓದುಗರಿಗೆ ಗೊತ್ತಿರುವುದಿಲ್ಲವಾದ್ದರಿಂದ ಗ್ರಾಂಗಳಲ್ಲಿ ಅಚ್ಚು ಮಾಡುವುದೊಂದೇ ದಾರಿ. ಟಿನ್ನಿನ ಅಳತೆಯನ್ನಂತೂ ಅನೇಕ ಪಾಕಗಳಲ್ಲಿ ಕೊಡುವುದೇ ಇಲ್ಲ. 20 ಸೆಂಟಿಮೀಟರ್ ಅಡ್ಡಳತೆಯ ದುಂಡು ಟಿನ್ನಿನ ತಳ 314 ಚದರ ಸೆಂಟಿಮೀಟರ್. ಹಿಟ್ಟನ್ನು ಎರಡರಷ್ಟು ಮಾಡಿದವರು ಹುಡುಕಬೇಕಾದ್ದು 40 ಸೆಂಟಿಮೀಟರಿನದನ್ನಲ್ಲ, 28 ಸೆಂಟಿಮೀಟರಿನದನ್ನು, ಏಕೆಂದರೆ ಅದರ ತಳ 616. ಇಪ್ಪತ್ತರ ಚೌಕ ಟಿನ್ನು 23ರ ದುಂಡಿಗೆ ಹೆಚ್ಚುಕಡಿಮೆ ಸಮ. ಓವನ್ನಿನೊಳಗೆ ಫ್ಯಾನ್ ತಿರುಗುವ ಬಗೆಯದಾದರೆ ಶಾಖವನ್ನು ಸುಮಾರು 20 ಡಿಗ್ರಿ ಇಳಿಸಬೇಕು ಎಂಬ ಸೂಚನೆಯೂ ಬಹಳ ಸಲ ಬಿಟ್ಟುಹೋಗಿರುತ್ತದೆ.

ಕುಟುಂಬದವರೆಲ್ಲ ಸೇರಿದಾಗ ಮೊಟ್ಟೆ ತಿನ್ನದವರು, ಹಾಲು ಒಗ್ಗದವರು, ಗೋಧಿಯ ಗ್ಲೂಟೆನ್ ಸಹಿಸದವರು ಒಬ್ಬರಾದರೂ ಇರುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ 1843ರಲ್ಲಿ ಬೇಕಿಂಗ್ ಪೌಡರನ್ನೂ ರೂಪಿಸಿದ್ದು ತನ್ನ ಹೆಂಡತಿಗೆ ಮೊಟ್ಟೆಯೂ ಯೀಸ್ಟೂ ಒಗ್ಗುತ್ತಿರಲಿಲ್ಲ ಎಂಬ ಕಾರಣಕ್ಕೆ. ಮನೆಯ ಒಬ್ಬರ ಅಗತ್ಯಕ್ಕೆಂದು ಮಾಡಿದ್ದು ಇಂದು ಎಲ್ಲ ಅಡುಗೆಮನೆಗಳಲ್ಲಿದೆ. ಇಂಥ ಕಡೆ ‘ಮೊಟ್ಟೆ ಬೇಡವಾದರೆ ಬಿಡಬಹುದು’ ಎಂಬ ಉದಾಸೀನದ ಸಾಲು ಯಾರಿಗೂ ನೆರವಾಗದು. ಒಂದು ಟೇಬಲ್ ಚಮಚ ಅಗಸೆ ಬೀಜದ ಪುಡಿಯನ್ನು ಮೂರು ಟೇಬಲ್ ಚಮಚ ನೀರಿನಲ್ಲಿ ನೆನೆಸಿದರೆ ಹಿಟ್ಟನ್ನು ಹಿಡಿದಿಡುವ ಕೆಲಸದಲ್ಲಿ ಅದು ಒಂದು ಮೊಟ್ಟೆಗೆ ಬದಲಾಗುತ್ತದೆ, ಆದರೆ ಮೊಟ್ಟೆಯ ಬಿಳಿಯಂತೆ ಕಡೆದು ನೊರೆ ಬರಿಸಲು ಆಗದು. ಆದ್ದರಿಂದ ಬಿಸ್ಕತ್ತಿಗೆ ಸರಿ, ಸ್ಪಂಜ್ ಕೇಕಿಗೆ ಸಾಲದು. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಿದರೆ ತಿನಿಸೇ ಬೇರೆಯಾಗುತ್ತದೆ ಎಂಬುದನ್ನು ಪಾಕ ಬರೆದವರೇ ಹೇಳಬೇಕು.

ಹೊತ್ತಿನ ಲೆಕ್ಕವನ್ನು ಅಚ್ಚಿನಲ್ಲಿ ಕೊಡಿ ಎಂದು ನಾನು ಒತ್ತಾಯಿಸುವುದಕ್ಕೆ ಇನ್ನೂ ಒಂದು ಕಾರಣವಿದೆ. ಲೆಕ್ಕ ಒಬ್ಬರ ತಲೆಯೊಳಗಷ್ಟೇ ಇದ್ದಾಗ ಉಳಿದವರು ನೆರವಾಗಬೇಕೆಂದರೂ ಆಗದು. ‘ಏನಾದರೂ ಮಾಡಲೇ?’ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವವರಿಗೆ ಉತ್ತರ ಹೇಳುವುದೇ ಇನ್ನೊಂದು ಕೆಲಸವಾಗುತ್ತದೆ, ಬಹುಪಾಲು ಮನೆಗಳಲ್ಲಿ ಆ ಕೆಲಸ ಯಾರದೆಂದು ನಾನು ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಗೆ ಬ್ರೆಡ್ ಹೊರಗೆ, ಹನ್ನೊಂದೂ ಕಾಲಿಗೆ ತರಕಾರಿ ಹೆಚ್ಚುವುದು, ಹನ್ನೆರಡಕ್ಕೆ ಎರಡು ಟ್ರೇ ಒಳಗೆ ಎಂದು ಗೋಡೆಗೆ ಅಂಟಿಸಿದ ಒಂದು ಕಾಗದವಿದ್ದರೆ ಯಾರು ಬೇಕಾದರೂ ಅದನ್ನು ಓದಿ ಕೈಹಾಕಬಹುದು. ಹಬ್ಬದ ಪುರವಣಿಯಲ್ಲಿ ಹತ್ತು ಪಾಕಗಳ ಬದಲು ಐದನ್ನೇ ಕೊಟ್ಟು, ಉಳಿದ ಜಾಗದಲ್ಲಿ ಆ ಐದೂ ಒಂದೇ ಓವನ್ನಿನಲ್ಲಿ ಒಂದರ ಹಿಂದೊಂದು ಹೇಗೆ ಸಾಗುತ್ತವೆ ಎಂಬ ಇಂಥದೊಂದು ಪಟ್ಟಿಯನ್ನು ಮುದ್ರಿಸಿದರೆ ಓದುಗರು ನಷ್ಟವಾಯಿತೆಂದು ದೂರುವುದಿಲ್ಲ ಎಂಬ ಭರವಸೆ ನನಗಿದೆ.

ಕೊನೆಯದಾಗಿ ಅಚ್ಚಿನ ದೋಷಗಳ ಬಗ್ಗೆ. ಟೀ ಚಮಚಕ್ಕೆ 5 ಮಿಲಿಲೀಟರ್, ಟೇಬಲ್ ಚಮಚಕ್ಕೆ 15; ಒಂದರ ಜಾಗದಲ್ಲಿ ಇನ್ನೊಂದು ಅಚ್ಚಾದರೆ ಅಡುಗೆ ಸೋಡಾ ಮೂರು ಪಟ್ಟಾಗಿ ಕೇಕು ಸೋಪಿನ ರುಚಿ ಹಿಡಿಯುತ್ತದೆ. ಹೆಸರು, ಹುದ್ದೆ ತಪ್ಪಾಗಿ ಅಚ್ಚಾದರೆ ಪತ್ರಿಕೆಗಳು ಮರುದಿನವೇ ತಿದ್ದುಪಡಿ ಹಾಕುತ್ತವೆ. ಪಾಕದ ತಪ್ಪಿಗೆ ಮುಂದಿನ ವಾರದ ಪುರವಣಿಯವರೆಗೆ ಕಾಯುವ ರೂಢಿ ಇದ್ದಲ್ಲಿ, ಅಷ್ಟರಲ್ಲಿ ಹಬ್ಬ ಮುಗಿದಿರುತ್ತದೆ. ಪಾಕವಿಧಾನದ ತಿದ್ದುಪಡಿಯನ್ನೂ ಮರುದಿನದ ಮುಖ್ಯ ಸಂಚಿಕೆಯಲ್ಲೇ, ಹಬ್ಬಕ್ಕೆ ಮುನ್ನವೇ ಪ್ರಕಟಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗರಲ್ಲೊಬ್ಬರು